ಮನೆಯ ಕಾರ್ಡು, ಅಂಗಡಿಯ ಕಾರ್ಡು

ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳ ಪೇಟೆಬೀದಿಯಲ್ಲಿ ಅಂಗಡಿಯೂ ಮನೆಯೂ ಒಂದೇ ಕಟ್ಟಡದಲ್ಲಿರುವುದು ಸಾಮಾನ್ಯ. ಮುಂಭಾಗದಲ್ಲಿ ವ್ಯಾಪಾರ, ಹಿಂಭಾಗದಲ್ಲಿಯೋ ಮಹಡಿಯ ಮೇಲೆಯೋ ಸಂಸಾರ; ನಡುವೆ ಒಂದು ಬಾಗಿಲು. ಗಲ್ಲಾಪೆಟ್ಟಿಗೆಯ ಹಣ ಆ ಬಾಗಿಲನ್ನು ದಾಟಿ ಹಾಲು ತರಕಾರಿಗಳಿಗೆ ಸಲ್ಲುತ್ತದೆ. ಬೀರುವಿನ ಹಣ ಅದೇ ಬಾಗಿಲನ್ನು ದಾಟಿ ಸರಕು ತಂದ ಲಾರಿಯ ಬಾಡಿಗೆಗೆ ಸಲ್ಲುತ್ತದೆ. ಇದು ಇಂದು ನಿನ್ನೆಯ ರೂಢಿಯಲ್ಲ. ಆದರೆ ಈಚಿನ ವರ್ಷಗಳಲ್ಲಿ ಆ ಬಾಗಿಲಿನಲ್ಲಿ ಹೊಸದೊಂದು ವಸ್ತು ಓಡಾಡತೊಡಗಿದೆ. ಅದೇ ಕ್ರೆಡಿಟ್ ಕಾರ್ಡು. ಬೆಳಿಗ್ಗೆ ಅಂಗಡಿಗೆ ಬೇಕಾದ ಪೈಪು, ಮೊಳೆ, ಬಣ್ಣದ ಡಬ್ಬಿಗಳಿಗೆ ಅದರಿಂದ ಹಣ ಸಲ್ಲಿಸಿದವರು ಸಂಜೆ ಮನೆಗೆ ಬೇಕಾದ ಅಕ್ಕಿ ಬೇಳೆಗಳಿಗೂ ಅದನ್ನೇ ಹೊರತೆಗೆಯುತ್ತಾರೆ. "ಸಾಲ ಮಾಡುವವನೂ ನಾನೇ, ತೀರಿಸುವವನೂ ನಾನೇ, ಕಾರ್ಡು ಒಂದಾದರೇನು, ಎರಡಾದರೇನು?" ಎಂದು ಅವರು ಕೇಳುವುದುಂಟು.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಶಿಸ್ತಿನ ಉಪದೇಶ. ಅಷ್ಟರಿಂದ ಪ್ರಶ್ನೆ ಕೇಳಿದವರಿಗೆ ಸಮಾಧಾನವಾಗದೆಂದು ನಮಗೆ ತೋರುತ್ತದೆ. ಒಂದೇ ಕಾರ್ಡನ್ನು ಎರಡು ಕಾರ್ಯಗಳಿಗೂ ಬಳಸಿದಾಗ ಮೊದಲು ನಷ್ಟವಾಗುವುದು ಹಣವಲ್ಲ, ಒಂದು ಮಾಹಿತಿ. ಆ ಮಾಹಿತಿ ಎಷ್ಟೆಂಬುದನ್ನು ಅಳೆಯಲೂ ಸಾಧ್ಯ. ಹಣದ ನಷ್ಟ ಅದರ ಹಿಂದಿನಿಂದ ಬರುತ್ತದೆ. ನಮ್ಮ ವಾಚಕರಲ್ಲಿ ಅನೇಕರು ಇಂತಹ ಅಂಗಡಿಗಳ ಮಕ್ಕಳೇ ಆಗಿರಬಹುದು; ತಂದೆಯ ಮೊಬೈಲಿನಲ್ಲಿ ಕಾರ್ಡಿನ ಬಾಕಿ ಕಟ್ಟುವ ಕೆಲಸವೂ ಅವರ ಪಾಲಿಗೇ ಬಂದಿರಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡುವುದು ಉಚಿತವಾಗಿದೆ.

ಕಾರ್ಡಿನ ಹುಟ್ಟಿನಲ್ಲಿಯೇ ಈ ತೊಡಕು ಅಡಗಿತ್ತೆಂದರೆ ತಪ್ಪಾಗದು. ೧೯೫೦ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಆರಂಭವಾದ ಡೈನರ್ಸ್ ಕ್ಲಬ್ಬಿನ ಕಾರ್ಡು ಮುಖ್ಯವಾಗಿ ಹೋಟೆಲುಗಳಲ್ಲಿ ಗಿರಾಕಿಗಳಿಗೆ ಊಟ ಹಾಕಿಸುತ್ತಿದ್ದ ವ್ಯಾಪಾರಸ್ಥರಿಗಾಗಿ ಹುಟ್ಟಿದುದು. ಆ ಊಟ ವ್ಯಾಪಾರದ್ದೋ ಸ್ನೇಹದ್ದೋ ಎಂಬುದನ್ನು ಆ ಕಾರ್ಡು ಅಂದೂ ಹೇಳಲಾರದಾಗಿತ್ತು. ಭಾರತಕ್ಕೆ ಡೈನರ್ಸ್ ಕ್ಲಬ್ಬು ೧೯೬೧ರಲ್ಲಿ ಬಂದಿತು. ಭಾರತೀಯ ಬ್ಯಾಂಕೊಂದು ತಾನೇ ಕಾರ್ಡು ನೀಡಿದುದು ೧೯೮೦ರಲ್ಲಿ. ಅದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ. ೨೦೨೨ರಿಂದೀಚೆಗೆ ರೂಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸಿಕೊಂಡು ಅಂಗಡಿಯ ಕ್ಯೂ.ಆರ್. ಚಿತ್ರಕ್ಕೆ ಮೊಬೈಲು ಹಿಡಿದರೂ ಸಾಕಾಗಿರುವುದರಿಂದ, ಕಾರ್ಡು ತಿಕ್ಕುವ ಯಂತ್ರವಿಲ್ಲದ ಸಣ್ಣ ಅಂಗಡಿಗಳಿಗೂ ಅದು ಪ್ರವೇಶಿಸಿದೆ.

ಕಾರ್ಡಿನಿಂದ ಹಣ ಸಲ್ಲಿಸಿದಾಗ ಯಂತ್ರ ಏನನ್ನು ಬರೆದುಕೊಳ್ಳುತ್ತದೆ? ಕಾರ್ಡಿನ ಸಂಖ್ಯೆ, ಮೊತ್ತ, ದಿನ ಮತ್ತು ವೇಳೆ, ಅಂಗಡಿಯ ಹೆಸರು, ಆ ಅಂಗಡಿ ಯಾವ ಬಗೆಯದೆಂಬುದನ್ನು ತಿಳಿಸುವ ನಾಲ್ಕು ಅಂಕಿಗಳ ಸಂಕೇತ. ಈ ಸಂಕೇತಗಳು ಜಗತ್ತಿನಾದ್ಯಂತ ಒಂದೇ. ದಿನಸಿ ಅಂಗಡಿಗೆ ೫೪೧೧, ಹಾರ್ಡ್‌ವೇರ್ ಅಂಗಡಿಗೆ ೫೨೫೧, ಪೆಟ್ರೋಲ್ ಬಂಕಿಗೆ ೫೫೪೧. ಕಾರ್ಡಿನ ಸಂಖ್ಯೆಯೂ ಮನಸ್ವಿಯಾಗಿ ಕೊಟ್ಟುದಲ್ಲ. ಅದರ ಮೊದಲ ಅಂಕಿಗಳು ಕಾರ್ಡು ನೀಡಿದ ಬ್ಯಾಂಕನ್ನೂ ಕಾರ್ಡಿನ ಜಾತಿಯನ್ನೂ ಸೂಚಿಸುತ್ತವೆ. ಕೊನೆಯದು ತಾಳೆಯ ಅಂಕಿ. ಐ.ಬಿ.ಎಂ. ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಎಂಬ ಎಂಜಿನಿಯರು ಈ ತಾಳೆಯ ಉಪಾಯಕ್ಕೆ ೧೯೫೪ರಲ್ಲಿ ಅರ್ಜಿ ಸಲ್ಲಿಸಿ ೧೯೬೦ರಲ್ಲಿ ಪೇಟೆಂಟು ಪಡೆದನು. ಅದು ಬಹಳ ಸರಳ. ೪೫೮೧ ಎಂಬ ಚಿಕ್ಕ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಬಲಗಡೆಯಿಂದ ಆರಂಭಿಸಿ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಬೇಕು. ಗುಣಲಬ್ಧ ಎರಡಂಕಿಯದಾದರೆ ಆ ಎರಡನ್ನೂ ಕೂಡಬೇಕು. ೧ ಎಂಬುದು ೨ ಆಗುತ್ತದೆ, ೮ ಹಾಗೆಯೇ ಇರುತ್ತದೆ, ೫ ಎಂಬುದು ೧೦ ಆಗಿ ಮತ್ತೆ ೧ ಆಗುತ್ತದೆ, ೪ ಹಾಗೆಯೇ. ಒಟ್ಟು ೧೫. ಅದನ್ನು ೨೦ಕ್ಕೆ ಮುಟ್ಟಿಸಲು ೫ ಬೇಕು. ಆದುದರಿಂದ ಪೂರ್ಣ ಸಂಖ್ಯೆ ೪೫೮೧೫. ಯಾರಾದರೂ ಕೈತಪ್ಪಿ ೪೫೭೧೫ ಎಂದು ಒತ್ತಿದರೆ ಮೊತ್ತ ೧೯ ಆಗುತ್ತದೆ. ಹತ್ತರಿಂದ ನಿಶ್ಶೇಷವಾಗಿ ಭಾಗಿಸಲಾಗದ ಕಾರಣ ಯಂತ್ರ ಕೂಡಲೇ ತಪ್ಪನ್ನು ಹಿಡಿಯುತ್ತದೆ. ವಾಚಕರು ತಮ್ಮ ಮನೆಯ ಕಾರ್ಡಿನ ಮೇಲೆ ಇದನ್ನು ಪರೀಕ್ಷಿಸಿ ನೋಡಬಹುದು (ಸಂಖ್ಯೆಯನ್ನು ಮಾತ್ರ ಯಾರಿಗೂ ತೋರಿಸಕೂಡದು).

ಒಂದೇ ಒಂದು ಅಂಕಿ ತಪ್ಪಿದರೂ ಎಚ್ಚರಿಸುವ ಈ ವ್ಯವಸ್ಥೆಗೆ ಒಂದು ಸಂಗತಿ ಮಾತ್ರ ತಿಳಿಯದು. ಕೊಂಡ ವಸ್ತು ಯಾತಕ್ಕಾಗಿ ಎಂಬುದು! ಬೀರೂರಿನ ಬಂಕಿನಲ್ಲಿ ಹಾಕಿಸಿದ ಪೆಟ್ರೋಲು ಮಗಳನ್ನು ಕಾಲೇಜಿಗೆ ಬಿಡುವುದಕ್ಕೋ, ಗಿರಾಕಿಯ ಮನೆಗೆ ಸರಕು ಮುಟ್ಟಿಸುವುದಕ್ಕೋ? ಹಾರ್ಡ್‌ವೇರಿನ ಸಗಟು ವ್ಯಾಪಾರಿಯಿಂದ ತಂದ ನಲ್ಲಿ ಅಂಗಡಿಯಲ್ಲಿ ಮಾರುವುದಕ್ಕೋ, ಮನೆಯ ಬಚ್ಚಲಿಗೋ? ಸಂಕೇತ ಅದೇ, ಮೊತ್ತ ಅದೇ. ಉದ್ದೇಶ ಇರುವುದು ಕೊಂಡವನ ತಲೆಯಲ್ಲಿ ಮಾತ್ರ; ಅದು ಅಲ್ಲಿ ಬಹುಕಾಲ ಉಳಿಯುವುದೂ ಇಲ್ಲ.

ಈಗ ನಾವು ಮೇಲೆ ಹೇಳಿದ ಅಳತೆಯ ವಿಷಯಕ್ಕೆ ಬರೋಣ. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞನು ೧೯೪೮ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಮಾಹಿತಿಯನ್ನೂ ತೂಕ ಉದ್ದಗಳಂತೆ ಅಳೆಯಬಹುದೆಂದು ತೋರಿಸಿದನು. ಸಮಾನ ಸಂಭವವುಳ್ಳ ಎರಡು ಉತ್ತರಗಳಲ್ಲಿ ಯಾವುದು ನಿಜವೆಂದು ನಿರ್ಧರಿಸಲು ಬೇಕಾದಷ್ಟು ಮಾಹಿತಿಯೇ ಅದರ ಮಾನ. ಅದಕ್ಕೆ ಬಿಟ್ ಎಂದು ಹೆಸರು. 'ಮನೆಯದೋ, ಅಂಗಡಿಯದೋ' ಎಂಬ ಪ್ರಶ್ನೆಯ ಉತ್ತರ ಹೆಚ್ಚೆಂದರೆ ಒಂದು ಬಿಟ್. ಎರಡು ಕಾರ್ಡುಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡವನು ಜೇಬಿನಿಂದ ಒಂದನ್ನು ಆರಿಸಿ ತೆಗೆಯುವ ಕ್ಷಣದಲ್ಲಿಯೇ ಆ ಒಂದು ಬಿಟ್ಟನ್ನು ಬರೆದಿಟ್ಟಂತಾಯಿತು. ಅವನು ಲೇಖನಿ ಹಿಡಿಯಬೇಕಾಗಿಲ್ಲ, ನೆನಪಿಟ್ಟುಕೊಳ್ಳಬೇಕಾಗಿಲ್ಲ. ಒಂದೇ ಕಾರ್ಡಿನವನು ಆ ಬಿಟ್ಟನ್ನು ಎಸೆದುಬಿಟ್ಟನು.

ಒಂದು ಬಿಟ್ ಎಂದರೆ ಎಷ್ಟು ಮಹಾ, ಎನ್ನಬಹುದು. ಆದರೆ ಇಂತಹವು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ತಿಂಗಳಿನ ಪಟ್ಟಿಯಲ್ಲಿ ಐದು ವೆಚ್ಚಗಳಿದ್ದರೆ ಅವನ್ನು ಮನೆ, ಅಂಗಡಿ ಎಂದು ವಿಂಗಡಿಸುವ ಬಗೆಗಳು ೩೨. ಇಪ್ಪತ್ತು ವೆಚ್ಚಗಳಿದ್ದರೆ ೧೦,೪೮,೫೭೬. ನಲವತ್ತಿದ್ದರೆ ಒಂದು ಲಕ್ಷ ಕೋಟಿಗೂ ಮಿಕ್ಕಿ. "ಮನೆಗೆ ಒಟ್ಟು ಎಷ್ಟು ಖರ್ಚಾಯಿತೆಂಬುದು ನನಗೆ ನೆನಪಿದೆ, ಅದರಿಂದ ವಿಂಗಡಿಸಿಕೊಳ್ಳುತ್ತೇನೆ" ಎನ್ನುವವರೂ ಉಂಟು. ಅದೂ ನಡೆಯದು. ಪಟ್ಟಿಯಲ್ಲಿ ೪೫೦, ೮೦೦, ೧,೨೫೦, ೩೫೦, ೯೦೦ ರೂಪಾಯಿಗಳ ಐದು ವೆಚ್ಚಗಳಿವೆಯೆಂದೂ, ಮನೆಯ ವೆಚ್ಚ ೧,೨೫೦ ರೂಪಾಯಿ ಎಂಬುದು ಖಚಿತವಾಗಿ ನೆನಪಿದೆಯೆಂದೂ ಇಟ್ಟುಕೊಳ್ಳೋಣ. ಆಗ ೧,೨೫೦ರ ವೆಚ್ಚವೊಂದೇ ಮನೆಯದಾಗಿರಬಹುದು. ೪೫೦ ಮತ್ತು ೮೦೦ ಆಗಿರಬಹುದು. ೩೫೦ ಮತ್ತು ೯೦೦ ಆಗಿರಬಹುದು. ಐದೇ ವೆಚ್ಚಗಳಲ್ಲಿ, ಮೊತ್ತ ತಿಳಿದಿದ್ದರೂ, ಮೂರು ಉತ್ತರಗಳು. ನೀರಿಗೆ ಬಿದ್ದ ಮಸಿಯ ಹನಿಯನ್ನು ಮತ್ತೆ ಹನಿಯಾಗಿ ತೆಗೆಯಲಾಗದಂತೆ, ಒಮ್ಮೆ ಬೆರೆತ ಲೆಕ್ಕವನ್ನು ಲೆಕ್ಕದ ಬಲದಿಂದಲೇ ಬಿಡಿಸಲಾಗದು.

ಇದಕ್ಕೆ ಹೋಲಿಕೆಯೊಂದು ನಮ್ಮ ಊರುಗಳ ಗೋಡೆಗಳ ಮೇಲೆಯೇ ಇದೆ. ಅಂಗಡಿಯೂ ಮನೆಯೂ ಒಂದೇ ಕಟ್ಟಡದಲ್ಲಿದ್ದರೂ ಮೆಸ್ಕಾಂ ಸಂಸ್ಥೆ ಎರಡಕ್ಕೂ ಬೇರೆ ಬೇರೆ ಮೀಟರುಗಳನ್ನು ಹಾಕುತ್ತದೆ. ಗೃಹಬಳಕೆಯ ದರ ಬೇರೆ, ವಾಣಿಜ್ಯದ ದರ ಬೇರೆ. ಎರಡು ಮೀಟರುಗಳಿಗೂ ವಿದ್ಯುತ್ತು ಬರುವುದು ಒಂದೇ ಕಂಬದಿಂದ. ಎಲೆಕ್ಟ್ರಾನುಗಳಲ್ಲಿ ಮನೆಯವು, ಅಂಗಡಿಯವು ಎಂಬ ಭೇದವಿಲ್ಲ. ಭೇದವನ್ನು ದಾಖಲಿಸುವುದು ಮೀಟರು. ಇದನ್ನು ಯಾರೂ ಅನಾವಶ್ಯಕವಾದ ಕಿರುಕುಳವೆಂದು ಭಾವಿಸುವುದಿಲ್ಲ.

ಹಳೆಯ ವರ್ತಕರು ಇದನ್ನು ಅರಿಯದವರಲ್ಲ. ಖಿರ್ದಿ ಬರೆಯುತ್ತಿದ್ದ ಶಾನುಭೋಗರೋ ಗುಮಾಸ್ತರೋ ಗಲ್ಲಾಪೆಟ್ಟಿಗೆಯಿಂದ ಮನೆಗೆ ಹೋದ ಪ್ರತಿ ರೂಪಾಯಿಯನ್ನೂ 'ಮನೆಖರ್ಚು' ಎಂಬ ಖಾತೆಗೆ ಹಾಕುತ್ತಿದ್ದರು. ಪೆಟ್ಟಿಗೆ ಒಂದೇ ಆದರೂ ಖಾತೆ ಬೇರೆ. ಇಟಲಿಯ ಲೂಕಾ ಪಾಚೋಲಿ ಎಂಬ ಸಂನ್ಯಾಸಿ ೧೪೯೪ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಗಣಿತಗ್ರಂಥದ ಒಂದು ಭಾಗ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ವಿವರಿಸುತ್ತದೆ. ಅಲ್ಲಿಯೂ ಮನೆವಾರ್ತೆಯ ವೆಚ್ಚಕ್ಕೆ ಬೇರೆ ಖಾತೆಯಿರಬೇಕೆಂದು ವಿಧಿಸಲಾಗಿದೆ. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಅಂಗಡಿ ಒಬ್ಬ ವ್ಯಕ್ತಿ, ಮಾಲೀಕ ಇನ್ನೊಬ್ಬ ವ್ಯಕ್ತಿ. ಮಾಲೀಕ ಹಾಕಿದ ಬಂಡವಾಳ ಅಂಗಡಿಗೆ ಸಾಲವಿದ್ದಂತೆ. ಅವನು ಮನೆಗೆ ಒಯ್ದ ಹಣ ಆ ಸಾಲದ ವಾಪಸಾತಿಯಂತೆ. ನ್ಯಾಯಶಾಸ್ತ್ರ ಮಾತ್ರ ಒಬ್ಬನೇ ನಡೆಸುವ ಅಂಗಡಿಯನ್ನೂ ಅದರ ಮಾಲೀಕನನ್ನೂ ಬೇರೆಯೆಂದು ಎಣಿಸದು. ಅಂಗಡಿಯ ಸಾಲಕ್ಕೆ ಅವನ ಮನೆಯೂ ಗುರಿಯೇ. ಕಂಪೆನಿಯಾಗಿ ನೋಂದಾಯಿಸಿದ ವ್ಯಾಪಾರದ ರೀತಿ ಬೇರೆ: ಕಂಪೆನಿಯೂ ಅದರ ಒಡೆಯನೂ ಬೇರೆ ಬೇರೆ ವ್ಯಕ್ತಿಗಳೆಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ೧೮೯೬ರಲ್ಲಿ ಸಾಲೊಮನ್ ಎಂಬ ಪಾದರಕ್ಷೆಯ ತಯಾರಕನ ಮೊಕದ್ದಮೆಯಲ್ಲಿ ತೀರ್ಮಾನಿಸಿತು, ನಮ್ಮ ನ್ಯಾಯಾಲಯಗಳೂ ಆ ತತ್ತ್ವವನ್ನು ಅನುಸರಿಸುತ್ತವೆ. ಕಡೂರಿನಂತಹ ಊರಿನ ಬಹುಪಾಲು ಅಂಗಡಿಗಳು ಕಂಪೆನಿಗಳಲ್ಲ. ಕಾನೂನು ಗೋಡೆ ಕಟ್ಟಿಕೊಡದಿರುವ ಕಡೆ ಲೆಕ್ಕವೇ ಗೋಡೆಯಾಗಬೇಕಾಗುತ್ತದೆ.

ಗೋಡೆಯಿಲ್ಲದಿದ್ದರೆ ಏನಾಗುವುದೆಂಬುದನ್ನು ಕರ್ನಾಟಕ ೨೦೨೫ರ ಜುಲೈ ತಿಂಗಳಿನಲ್ಲಿ ಕಂಡಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು ೪೦ ಲಕ್ಷ ರೂಪಾಯಿಗಳನ್ನೂ, ಸೇವೆ ಒದಗಿಸುವವರದು ೨೦ ಲಕ್ಷವನ್ನೂ ಮೀರಿದರೆ ಜಿ.ಎಸ್.ಟಿ. ನೋಂದಣಿ ಅವಶ್ಯವೆಂಬುದು ಅದರ ಆಧಾರ; ೨೦೨೧-೨೨ರಿಂದ ೨೦೨೪-೨೫ರವರೆಗಿನ ಯು.ಪಿ.ಐ. ಜಮೆಗಳ ಮೊತ್ತವೇ ಅದರ ಸಾಕ್ಷ್ಯ. ಬಂದ ಹಣವೆಲ್ಲವೂ ವ್ಯಾಪಾರದ್ದಲ್ಲ, ಅದರಲ್ಲಿ ಬಂಧುಗಳು ಕಳುಹಿಸಿದ್ದೂ ಕೈಗಡವಾಗಿ ಪಡೆದದ್ದೂ ಸೇರಿದೆ ಎಂದು ಅನೇಕರು ವಾದಿಸಿದರು. ವಾದ ನಿಜವಿರಬಹುದು, ಆದರೆ ಯಾವುದು ಯಾವುದೆಂದು ತೋರಿಸುವ ಆ ಒಂದು ಬಿಟ್ ಅವರ ಬಳಿಯೂ ಇರಲಿಲ್ಲ, ಇಲಾಖೆಯ ಬಳಿಯೂ ಇರಲಿಲ್ಲ. ಹಲವು ಅಂಗಡಿಗಳು ಕ್ಯೂ.ಆರ್. ಚಿತ್ರವನ್ನು ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದವು. ಜುಲೈ ೨೩ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ನೋಂದಣಿ ಮಾತ್ರ ಮಾಡಿಸಿಕೊಳ್ಳಬೇಕೆಂದೂ ತಿಳಿಸಿದ ಮೇಲೆ ಕೋಲಾಹಲ ಅಡಗಿತು. ಇಲಾಖೆಯ ಅವಸರವನ್ನು ನಾವು ಸಮರ್ಥಿಸುವುದಿಲ್ಲ. ಹಾಲು, ತರಕಾರಿಗಳಂತಹ ತೆರಿಗೆಯಿಲ್ಲದ ಪದಾರ್ಥಗಳನ್ನು ಮಾರುವವರಿಗೂ ನೋಟೀಸು ಹೋದದ್ದು ವಿಷಾದಕರ.

ಅದು ಒಳಬರುವ ಹಣದ ಕಥೆ. ಕಾರ್ಡಿನದು ಹೊರಹೋಗುವ ಹಣ, ರೋಗ ಒಂದೇ. ಕ್ರೆಡಿಟ್ ಕಾರ್ಡಿನ ಬಾಕಿಗಾಗಿ ಒಬ್ಬನು ವರ್ಷದಲ್ಲಿ ನಗದಲ್ಲದ ಮಾರ್ಗದಿಂದ ೧೦ ಲಕ್ಷ ರೂಪಾಯಿ ಅಥವಾ ಹೆಚ್ಚು ಕಟ್ಟಿದರೆ ಬ್ಯಾಂಕು ಅದನ್ನು ತೆರಿಗೆ ಇಲಾಖೆಗೆ ವರದಿ ಮಾಡಬೇಕೆಂದು ೧೯೬೨ರ ಆದಾಯ ತೆರಿಗೆ ನಿಯಮಾವಳಿ ವಿಧಿಸಿತು. ಐದು ಲಕ್ಷ ಆದಾಯ ತೋರಿಸಿದ ಅಂಗಡಿಕಾರನು ತನ್ನ ಸ್ವಂತ ಕಾರ್ಡಿನಿಂದ ಹನ್ನೊಂದು ಲಕ್ಷದ ಸರಕು ತರಿಸಿದ್ದರೆ, ದೂರದಿಂದ ನೋಡುವವರಿಗೆ ಅವನು ಆದಾಯದ ಎರಡರಷ್ಟಕ್ಕೂ ಮೀರಿ ಮನೆಗೆ ಖರ್ಚು ಮಾಡುವ ಮನುಷ್ಯನಾಗಿ ಕಾಣುತ್ತಾನೆ. ವ್ಯಾಪಾರದ ವೆಚ್ಚವೆಂದು ಕಳೆಯಬೇಕಾದರೆ ಅದು ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದುದಾಗಿರಬೇಕು, ಸ್ವಂತ ವೆಚ್ಚವಾಗಿರಕೂಡದು ಎಂಬುದು ೧೯೬೧ರ ಆದಾಯ ತೆರಿಗೆ ಕಾಯಿದೆಯ ೩೭ನೆಯ ಪ್ರಕರಣದ ತತ್ತ್ವ. ಅದರ ಸ್ಥಾನಕ್ಕೆಂದು ರಚಿತವಾದ ೨೦೨೫ರ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಜಿ.ಎಸ್.ಟಿ. ಕಾಯಿದೆಯ ೧೭ನೆಯ ಪ್ರಕರಣವೂ ಸ್ವಂತ ಬಳಕೆಯ ವಸ್ತುವಿನ ಮೇಲೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಹೊಂದಿಸಿಕೊಳ್ಳಲು ಬಿಡದು. ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಕಾರ್ಡಿನ ಮಾಸಿಕ ಪಟ್ಟಿ ಬಿಲ್ಲಿಗೆ ಬದಲಾಗದು. ಬಿಲ್ಲು ಅಂಗಡಿಯ ಹೆಸರಿನಲ್ಲಿ, ಅದರ ಜಿ.ಎಸ್.ಟಿ. ಸಂಖ್ಯೆಯೊಡನೆ ಇರಲೇಬೇಕು.

ಸಣ್ಣ ವ್ಯಾಪಾರಿಗಳಲ್ಲಿ ಬಹುಮಂದಿ ವೆಚ್ಚದ ಲೆಕ್ಕ ಕೊಡದೆ, ವಹಿವಾಟಿನ ಶೇಕಡಾ ೮ನ್ನು, ಬ್ಯಾಂಕಿನ ಮೂಲಕ ಬಂದ ಭಾಗಕ್ಕಾದರೆ ಶೇಕಡಾ ೬ನ್ನು, ಲಾಭವೆಂದು ಒಪ್ಪಿಕೊಳ್ಳುವ ಸರಳ ಪದ್ಧತಿಯನ್ನು ಅನುಸರಿಸುತ್ತಾರೆ. ಅಂತಹವರಿಗೆ ವೆಚ್ಚ ಬೆರೆತರೂ ಆದಾಯ ತೆರಿಗೆ ಹೆಚ್ಚುವುದಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ತನ್ನ ಅಂಗಡಿ ನಿಜವಾಗಿ ಲಾಭದಲ್ಲಿದೆಯೇ ಎಂಬುದು ತೆರಿಗೆಯವರಿಗಿಂತ ಮೊದಲು ಮಾಲೀಕನಿಗೇ ತಿಳಿಯಬೇಕಾದ ವಿಷಯ, ಜೊತೆಗೆ ಬಡ್ಡಿಯೊಂದಿದೆ.

ಬಡ್ಡಿಯ ವಿಚಾರವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಕಾರ್ಡಿನ ಆಕರ್ಷಣೆಯಿರುವುದು ಬಡ್ಡಿಯಿಲ್ಲದ ನಲವತ್ತೈದು ಐವತ್ತು ದಿನಗಳ ವಾಯಿದೆಯಲ್ಲಿ. ಈ ವಾಯಿದೆಗೆ ಒಂದು ಷರತ್ತಿದೆ: ಬಾಕಿಯನ್ನು ಪೂರ್ತಿ ಕಟ್ಟಬೇಕು. ಒಂದು ಭಾಗ ಉಳಿದರೂ, ಸಾಮಾನ್ಯವಾಗಿ ಬ್ಯಾಂಕುಗಳು ಪ್ರತಿ ಖರೀದಿಗೂ ಖರೀದಿಯ ದಿನದಿಂದಲೇ ಬಡ್ಡಿ ಎಣಿಸುತ್ತವೆ. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗಳಿಗೂ ವಾಯಿದೆ ಸಿಗದು. ಈಗ ನಮ್ಮ ಊರುಗಳ ವ್ಯಾಪಾರದ ಕಾಲಚಕ್ರವನ್ನು ನೋಡಿರಿ. ತರೀಕೆರೆಯ ಸುತ್ತಿನ ಅಡಿಕೆ ಬೆಳೆಗಾರನು ಉದ್ರಿ ತೀರಿಸುವುದು ಕೊಯ್ಲಾಗಿ ಅಡಿಕೆ ಮಂಡಿಗೆ ಹೋದ ಮೇಲೆ. ಅಜ್ಜಂಪುರದ ಕಡೆಯವರದು ಈರುಳ್ಳಿಯ ಲೆಕ್ಕ, ಕಡೂರಿನ ಬಯಲಿನವರದು ತೆಂಗು ರಾಗಿಗಳ ಲೆಕ್ಕ. ಅಂಗಡಿಯ ಉದ್ರಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಕಾರ್ಡಿನ ವಾಯಿದೆ ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಮನೆಯ ವೆಚ್ಚಕ್ಕಾದರೆ ಹಣ ತಿಂಗಳು ತಿಂಗಳೂ ಸಿದ್ಧವಿರುತ್ತದೆ. ಹೀಗೆ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಚಕ್ರಗಳನ್ನು ಒಂದೇ ಅಚ್ಚಿಗೆ ಸಿಕ್ಕಿಸಿದರೆ ಆಗುವುದೇನು?

ಒಂದು ಲೆಕ್ಕ ಮಾಡಿ ನೋಡೋಣ. ಬಡ್ಡಿ ತಿಂಗಳಿಗೆ ಶೇಕಡಾ ೩.೫, ಎಂದರೆ ವರ್ಷಕ್ಕೆ ೪೨ ಇರಲಿ. (ತಿಂಗಳ ಬಡ್ಡಿ ಅಸಲಿಗೆ ಸೇರುತ್ತ ಹೋದರೆ ವರ್ಷದ ಕೊನೆಗೆ ಇದು ೫೧ಕ್ಕೆ ಮುಟ್ಟುತ್ತದೆ.) ಜೂನ್ ೨೫ರಂದು ಒಂದೇ ಕಾರ್ಡಿನಿಂದ ಅಂಗಡಿಗೆ ೫೦,೦೦೦ ರೂಪಾಯಿಯ ಸರಕು, ಮನೆಗೆ ೧೦,೦೦೦ ರೂಪಾಯಿಯ ಸಾಮಾನು ಕೊಂಡುದಾಯಿತು. ಜುಲೈ ೨೦ಕ್ಕೆ ಪಟ್ಟಿ ಬಂದಿತು. ಕೊನೆಯ ದಿನ ಆಗಸ್ಟ್ ೯. ಮನೆಯ ಹತ್ತು ಸಾವಿರ ಸಿದ್ಧವಿದೆ. ಉದ್ರಿ ವಸೂಲಾಗದೆ ಅಂಗಡಿಯಿಂದ ಹೊರಟದ್ದು ಇಪ್ಪತ್ತು ಸಾವಿರ ಮಾತ್ರ. ಒಟ್ಟು ಮೂವತ್ತು ಸಾವಿರ ಕಟ್ಟಿದರು. ಆಗ ಅರುವತ್ತು ಸಾವಿರದ ಮೇಲೆ ಜೂನ್ ೨೫ರಿಂದ ೪೫ ದಿನಗಳ ಬಡ್ಡಿ ೩,೧೦೭ ರೂಪಾಯಿ. ಇದರಲ್ಲಿ ಮನೆಯ ಹತ್ತು ಸಾವಿರದ ಪಾಲು ೫೧೮. ಜುಲೈ ೨೫ರಂದು ಮನೆಗೆ ಮತ್ತೆ ಹತ್ತು ಸಾವಿರದ ಸಾಮಾನು ಕೊಂಡಿದ್ದರೆ, ಅದಕ್ಕೂ ಆಗಸ್ಟ್ ೨೦ರ ಮುಂದಿನ ಪಟ್ಟಿಯವರೆಗೆ ೨೬ ದಿನಗಳ ಬಡ್ಡಿ ೨೯೯. ಎರಡೂ ಸೇರಿ ೮೧೭. ಶೇಕಡಾ ೧೮ರ ಜಿ.ಎಸ್.ಟಿ. ಕೂಡಿ ೯೬೪ ರೂಪಾಯಿ. ಮನೆಯ ಹಣ ಕೈಯಲ್ಲಿಯೇ ಇತ್ತು, ಕಾಲಕ್ಕೆ ಸರಿಯಾಗಿ ಕಟ್ಟಿಯೂ ಆಯಿತು. ಆದರೂ ಅಕ್ಕಿ ಬೇಳೆಗೆ ಬಡ್ಡಿ ಬಿದ್ದಿತು. ಮನೆಯ ಕಾರ್ಡು ಬೇರೆಯಿದ್ದಿದ್ದರೆ ಈ ೯೬೪ ರೂಪಾಯಿಯಲ್ಲಿ ಒಂದು ಕಾಸೂ ಹೋಗುತ್ತಿರಲಿಲ್ಲ. ಅಂಗಡಿಯ ಸಾಲಕ್ಕೆ ಬಡ್ಡಿ ಹೇಗೂ ಇತ್ತು. ಅದು ಮನೆಗೆ ಅಂಟಿದ್ದು ಸೋಂಕಿನಿಂದ.

"ನಾನು ಕಟ್ಟಿದ ಮೂವತ್ತು ಸಾವಿರದಲ್ಲಿ ಮೊದಲು ಮನೆಯ ಹತ್ತು ಸಾವಿರವನ್ನು ತೀರಿಸಿಕೊಳ್ಳಿ" ಎಂದು ಬ್ಯಾಂಕಿಗೆ ಹೇಳುವಂತಿಲ್ಲ. ಬಂದ ಹಣವನ್ನು ಯಾವ ಕ್ರಮದಲ್ಲಿ ವಜಾ ಹಾಕಬೇಕೆಂಬುದು ಕರಾರಿನಲ್ಲಿಯೇ ಇರುತ್ತದೆ. ಉಳಿದ ಮೂವತ್ತು ಸಾವಿರ ಪೂರ್ತಿ ಅಂಗಡಿಯದೋ, ಐದಕ್ಕೆ ಒಂದರಂತೆ ಎರಡಕ್ಕೂ ಸೇರಿದ್ದೋ? ಮುಂದಿನ ತಿಂಗಳ ಬಡ್ಡಿಯಲ್ಲಿ ಅಂಗಡಿಯ ವೆಚ್ಚವೆಂದು ಬರೆಯಬೇಕಾದುದೆಷ್ಟು? ಎರಡು ಮೂರು ತಿಂಗಳು ಕಳೆದರೆ ಇದಕ್ಕೆ ನಿರ್ವಿವಾದವಾದ ಉತ್ತರವೇ ಇರುವುದಿಲ್ಲ. ಬಡ್ಡಿಯ ದರಕ್ಕೂ ಈಗ ಹೊರಗಿನ ಮಿತಿಯೆಂಬುದಿಲ್ಲ. ಶೇಕಡಾ ೩೦ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ ೨೦೦೮ರಲ್ಲಿ ಹೇಳಿತ್ತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ೨೦೨೪ರ ಡಿಸೆಂಬರ್ ೨೦ರಂದು ರದ್ದುಪಡಿಸಿತು.

ಬೆರೆಸುವುದು ಎಂದೆಂದಿಗೂ ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮ ರೈತರಿಗೆ ಚಿರಪರಿಚಿತವಾದ ಕಿಸಾನ್ ಕ್ರೆಡಿಟ್ ಕಾರ್ಡು ೧೯೯೮ರಲ್ಲಿ ಆರಂಭವಾದುದು. ಹೊಲಕ್ಕೂ ಮನೆಗೂ ನಡುವೆ ಗೆರೆ ಎಳೆಯುವುದು ಕಷ್ಟವೆಂಬುದನ್ನು ಅದನ್ನು ರೂಪಿಸಿದವರು ಅರಿತಿದ್ದರು. ೨೦೧೨ರಲ್ಲಿ ಪರಿಷ್ಕೃತವಾದ ಯೋಜನೆಯ ಪ್ರಕಾರ, ಬೆಳೆಯ ವೆಚ್ಚಕ್ಕೆಂದು ಗೊತ್ತುಮಾಡಿದ ಮೊತ್ತದ ಶೇಕಡಾ ೧೦ನ್ನು ಕೊಯ್ಲಿನ ಅನಂತರದ ಮತ್ತು ಮನೆಬಳಕೆಯ ಅಗತ್ಯಗಳಿಗೆಂದೂ, ಶೇಕಡಾ ೨೦ನ್ನು ಕೃಷಿ ಉಪಕರಣಾದಿಗಳ ದುರಸ್ತಿಗೆಂದೂ ಕೂಡಿಸಲಾಯಿತು. ಬೆಳೆಗೆ ಒಂದು ಲಕ್ಷವಾದರೆ ಮನೆಗೆ ಹತ್ತು ಸಾವಿರ, ದುರಸ್ತಿಗೆ ಇಪ್ಪತ್ತು ಸಾವಿರ. ಇಲ್ಲಿ ಬೆರೆಸುವಿಕೆ ಇದೆ. ಆದರೆ ಪ್ರಮಾಣ ಮೊದಲೇ ನಿಶ್ಚಿತವಾಗಿರುವುದರಿಂದ ಮಾಹಿತಿ ಕಳೆದುಹೋಗುವುದಿಲ್ಲ. ಈ ಕಾರ್ಡಿನ ಹಣವನ್ನು ಅಂಗಡಿಗೆ ಹಾಕುವವರೂ ಇದ್ದಾರೆ. ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ಶೇಕಡಾ ೭, ಕಾಲಕ್ಕೆ ತೀರಿಸಿದವರಿಗೆ ೪ ಎಂದು ಸರ್ಕಾರ ರಿಯಾಯಿತಿ ಕೊಟ್ಟದ್ದು ಬೆಳೆಗೆ. ೪ಕ್ಕೂ ೪೨ಕ್ಕೂ ಇರುವ ಅಂತರ ಮನುಷ್ಯನನ್ನು ಪ್ರಲೋಭನಗೊಳಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಾಗೆ ಅಂಗಡಿಯಲ್ಲಿ ಸಿಕ್ಕಿಬಿದ್ದ ಹಣ ಬಿತ್ತನೆಯ ಕಾಲಕ್ಕೆ ಕೈಗೆ ಬಾರದು.

ಇನ್ನು ಅನುಷ್ಠಾನದ ಮಾತು. ವ್ಯಾಪಾರದ ಕಾರ್ಡೆಂದೇ ಬ್ಯಾಂಕುಗಳು ನೀಡುವ ಕಾರ್ಡುಗಳುಂಟು. ಅವನ್ನು ವ್ಯಾಪಾರದ ವೆಚ್ಚಕ್ಕಾಗಿ ನೀಡತಕ್ಕದ್ದೆಂದು ರಿಸರ್ವ್ ಬ್ಯಾಂಕು ೨೦೨೨ರ ನಿರ್ದೇಶನಗಳಲ್ಲಿ ತಿಳಿಸಿ, ಆ ಹಣ ಯಾವುದಕ್ಕೆ ಬಳಕೆಯಾಗುತ್ತಿದೆಯೆಂಬುದರ ಮೇಲೆ ಬ್ಯಾಂಕು ಕಣ್ಣಿಡಬೇಕೆಂದು ೨೦೨೪ರ ಮಾರ್ಚಿಯಲ್ಲಿ ಸೇರಿಸಿತು. ಉದ್ಯಮ್ ಜಾಲತಾಣದಲ್ಲಿ ನೋಂದಾಯಿಸಿಕೊಂಡ ಅತಿಸಣ್ಣ ಉದ್ಯಮಗಳಿಗೆ ಐದು ಲಕ್ಷ ರೂಪಾಯಿ ಮಿತಿಯ ಕಾರ್ಡುಗಳನ್ನು ಕೊಡಲಾಗುವುದೆಂದು ೨೦೨೫ರ ಫೆಬ್ರವರಿ ೧ರ ಕೇಂದ್ರ ಆಯವ್ಯಯದಲ್ಲಿ ಘೋಷಿಸಲಾಯಿತು. ಅಂತಹ ಕಾರ್ಡು ದೊರೆಯದವರು ತಮ್ಮ ಹೆಸರಿನಲ್ಲಿಯೇ ಎರಡನೆಯ ಸಾಮಾನ್ಯ ಕಾರ್ಡನ್ನು ಪಡೆದು ಅಂಗಡಿಗೆ ಮೀಸಲಿಡುವ ಯೋಚನೆ ಮಾಡುತ್ತಾರೆ. ಲೆಕ್ಕದ ದೃಷ್ಟಿಯಿಂದ ಅದೂ ಸಾಕು. ಆದರೆ ಸ್ವಂತ ಬಳಕೆಗೆ ಮಾತ್ರ ಎಂಬ ಷರತ್ತು ಹಲವು ಬ್ಯಾಂಕುಗಳ ಕರಾರಿನಲ್ಲಿರುವುದರಿಂದ ಮೊದಲು ಕರಾರನ್ನು ಓದಿಕೊಳ್ಳಬೇಕು. ಮಾಲೀಕ ಒಬ್ಬನೇ ಆದ ಅಂಗಡಿಯಲ್ಲಿ, ಕಾರ್ಡಿನ ಮೇಲೆ ಅಂಗಡಿಯ ಹೆಸರಿದ್ದರೂ ಸಾಲಕ್ಕೆ ಹೊಣೆ ಅವನೇ ಎಂಬುದನ್ನು ಮರೆಯಕೂಡದು. ಅಂಗಡಿಯ ಸರಕಿಗಾಗಿ ಸ್ವಂತ ಕಾರ್ಡಿನ ಮಿತಿಯ ಬಹುಭಾಗವನ್ನು ತಿಂಗಳು ತಿಂಗಳೂ ಬಳಸುತ್ತಿದ್ದರೆ, ತಪ್ಪದೆ ತೀರಿಸುತ್ತಿದ್ದರೂ, ೩೦೦ರಿಂದ ೯೦೦ರವರೆಗೆ ಎಣಿಸುವ ಅವನ ಸಾಲಯೋಗ್ಯತೆಯ ಅಂಕ ಕುಗ್ಗುವ ಸಂಭವವುಂಟು. ಮಗಳ ಶಿಕ್ಷಣಕ್ಕೆ ಸಾಲ ಕೇಳುವಾಗ ಅದು ಎದುರಾಗುತ್ತದೆ.

ಎಚ್ಚರವಿದ್ದರೂ ಒಮ್ಮೊಮ್ಮೆ ಒಂದು ಕಾರ್ಡಿನ ಬದಲು ಇನ್ನೊಂದು ಕೈಗೆ ಬರುವುದುಂಟು. ಅದಕ್ಕೆ ಗಾಬರಿಪಡಬೇಕಾಗಿಲ್ಲ. ಅಂಗಡಿಯ ವೆಚ್ಚ ಮನೆಯ ಕಾರ್ಡಿನಿಂದ ಹೋಗಿದ್ದರೆ, ಬಿಲ್ಲಿನ ಹಿಂಬದಿಯಲ್ಲಿ ಅಂದೇ ಗುರುತು ಹಾಕಿ, ಖಿರ್ದಿಯಲ್ಲಿ ಮಾಲೀಕನಿಂದ ಬಂದ ಜಮೆಯೆಂದೂ ಸರಕಿನ ಖರ್ಚೆಂದೂ ಎರಡು ನಮೂದು ಮಾಡಿ, ಅಷ್ಟೇ ಮೊತ್ತವನ್ನು ಅಂಗಡಿಯ ಖಾತೆಯಿಂದ ಮನೆಯ ಖಾತೆಗೆ ಕಳುಹಿಸಿದರೆ ಆಯಿತು. ಮೊತ್ತ ಒಂದು ರೂಪಾಯಿಯೂ ಆಚೀಚೆಯಾಗದೆ ಹೊಂದುವುದು ಮುಖ್ಯ. ಐದಾರು ವೆಚ್ಚಗಳನ್ನು ಒಟ್ಟುಗೂಡಿಸಿ ಸುಮಾರು ಲೆಕ್ಕದಲ್ಲಿ ಕಳುಹಿಸಿದರೆ ಮೇಲೆ ಹೇಳಿದ ೧,೨೫೦ರ ಒಗಟು ಮತ್ತೆ ತಲೆಯೆತ್ತುತ್ತದೆ.

ಎರಡು ಕಾರ್ಡುಗಳಿಂದಲೂ ಬಿಡಿಸಲಾಗದ ವೆಚ್ಚಗಳೂ ಇವೆ. ಒಂದೇ ಸ್ಕೂಟರು ಬೆಳಿಗ್ಗೆ ಕಾಲೇಜಿಗೆ, ಮಧ್ಯಾಹ್ನ ಸರಕಿಗೆ ಓಡುತ್ತದೆ. ಟ್ಯಾಂಕಿನಲ್ಲಿ ಮನೆಯ ಪೆಟ್ರೋಲನ್ನೂ ಅಂಗಡಿಯ ಪೆಟ್ರೋಲನ್ನೂ ಬೇರೆಯಾಗಿ ತುಂಬುವಂತಿಲ್ಲ. ಅಲ್ಲಿ ಬೇಕಾದುದು ಇನ್ನೊಂದು ಕಾರ್ಡಲ್ಲ, ಒಂದು ಚಿಕ್ಕ ನೋಟುಪುಸ್ತಕ. ತಿಂಗಳಿನಲ್ಲಿ ಓಡಿದ ೯೦೦ ಕಿಲೋಮೀಟರುಗಳಲ್ಲಿ ೬೦೦ ಅಂಗಡಿಯ ಕೆಲಸಕ್ಕೆಂದು ಬರೆದಿಟ್ಟಿದ್ದರೆ, ೨,೧೦೦ ರೂಪಾಯಿಯ ಪೆಟ್ರೋಲಿನಲ್ಲಿ ಅಂಗಡಿಯ ಪಾಲು ೧,೪೦೦. ಪೆಟ್ರೋಲನ್ನು ಮನೆಯ ಕಾರ್ಡಿನಿಂದ ಹಾಕಿಸಿ, ತಿಂಗಳ ಕೊನೆಯಲ್ಲಿ ಆ ೧,೪೦೦ನ್ನು ಅಂಗಡಿಯ ಖಾತೆಯಿಂದ ಪಡೆಯುವುದು ಅನುಕೂಲ. ಮೊಬೈಲಿನ ವೆಚ್ಚಕ್ಕೂ ಇದೇ ರೀತಿ ಒಂದು ಪ್ರಮಾಣವನ್ನು ವರ್ಷದ ಆರಂಭದಲ್ಲಿಯೇ ಗೊತ್ತುಮಾಡಿ, ವರ್ಷವಿಡೀ ಅದನ್ನೇ ಅನುಸರಿಸಬೇಕಾಗುತ್ತದೆ.